ತೂಕವಿಳಿಯಲಿ, ತೋಳ್ಬಲ ಇಳಿಯದಿರಲಿ

ಕಮರಿಪೇಟೆಯ ವಿದ್ಯಾರ್ಥಿಯೊಬ್ಬನು ಮೈ ಇಳಿಸಲೆಂದು ಒಪ್ಪೊತ್ತಿನ ಊಟ ಹಿಡಿದನೆನ್ನಿ. ತಿಂಗಳೊಳಗೆ ನಾಲ್ಕು ಕಿಲೋ ಇಳಿಯಿತು. ಇಳಿದುದು ಕೊಬ್ಬೋ ಸ್ನಾಯುವೋ ಎಂಬುದನ್ನು ತಕ್ಕಡಿಯು ತಿಳಿಸಲಾರದು.

ಊಟ ಸಾಲದಾದಾಗ ದೇಹವು ಕೊಬ್ಬನ್ನು ಉರಿಸುವುದು ನಿಜ. ಆದರೆ ಮಿದುಳಿಗೆ ಸಕ್ಕರೆ ಒದಗಿಸಲು ಸ್ನಾಯುವಿನ ಸಸಾರಜನಕವನ್ನೂ, ಎಂದರೆ ಪ್ರೋಟೀನನ್ನೂ, ಒಡೆಯುತ್ತದೆ. ದುಡಿಯದ ಸ್ನಾಯು ಬೇಗ ಸವೆಯುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ೪೦ ಮಂದಿ ತರುಣರು ೪ ವಾರ ಶೇಕಡಾ ೪೦ರಷ್ಟು ಕಡಿಮೆ ಉಂಡು ಕಠಿಣ ವ್ಯಾಯಾಮ ಮಾಡಿದರು. ಮೈತೂಕದ ಪ್ರತಿ ಕಿಲೋಗೆ ೧.೨ ಗ್ರಾಂ ಸಸಾರಜನಕ ತಿಂದವರ ಸ್ನಾಯು ಕುಂದಲಿಲ್ಲ, ೨.೪ ಗ್ರಾಂ ತಿಂದವರದು ಬೆಳೆಯಿತು!

ಆದುದರಿಂದ ತಟ್ಟೆಯಿಂದ ಏನನ್ನು ತೆಗೆಯುವೆವೆಂಬುದೇ ಮುಖ್ಯ. ಮಿರ್ಚಿ-ಭಜಿ ದೂರವಾಗಲಿ, ರೊಟ್ಟಿಯೊಂದು ಕಡಿಮೆಯಾಗಲಿ. ಮಡಿಕೆಕಾಳಿನ ಪಲ್ಯ, ಮೊಸರು ಉಳಿಯಲಿ. ನೂರು ಗ್ರಾಂ ಹೆಸರುಕಾಳಿನಲ್ಲಿ ಸುಮಾರು ೨೪ ಗ್ರಾಂ ಸಸಾರಜನಕವಿದೆ. ನಮ್ಮವರು ಇದಕ್ಕೆ ವಿರುದ್ಧವಾಗಿ ಪಲ್ಯ ಬಿಟ್ಟು ಚಹಾದ ಮೇಲೆ ದಿನ ನೂಕುತ್ತಾರೆ. ಅದನ್ನು ಪಥ್ಯವೆನ್ನಲು ನಾನೊಪ್ಪೆ. ಗರಡಿಯ ದಂಡ-ಬೈಠಕ್ ಅಂತೂ ತಪ್ಪಬಾರದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಕುಸ್ತಿಯ ಮುನ್ನಾದಿನ ಬೆವರಿಳಿಸಿ ಕಳೆಯುವ ತೂಕವು ಬರಿಯ ನೀರು, ಕುಡಿದೊಡನೆ ಮರಳುತ್ತದೆ.