ತೋಡಿನ ಕೆಂಪು ನೀರು

ಈ ಸಂಚಿಕೆಗೆ ಪರೀಕ್ಷಾ ಫಲಿತಾಂಶಗಳ ವಿಷಯವಾಗಿ ಬರೆಯಬೇಕೆಂದು ಕುಳಿತವಳು ನಾನು. ಆದರೆ ಮೇಜಿನ ಮೇಲಿರುವ ಎರಡು ಗಾಜಿನ ಭರಣಿಗಳು ಮನಸ್ಸನ್ನು ಬೇರೆಡೆಗೆ ಎಳೆದುವು. ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಕ್ಷಮಿಸಬೇಕು.

ಕಳೆದ ಮಳೆಗಾಲದಲ್ಲಿ ಇರ್ಪುವಿನ ಕಡೆಯಿಂದ ಬರುವ ಬಾಲಕಿಯರು ಲಕ್ಷ್ಮಣತೀರ್ಥದ ನೀರನ್ನು ಈ ಭರಣಿಗಳಲ್ಲಿ ತುಂಬಿ ತಂದರು. ಮರಳು ಕೆಲವೇ ನಿಮಿಷಗಳಲ್ಲಿ ತಳವನ್ನು ಸೇರಿತು. ನುಣ್ಣನೆಯ ಜೇಡಿಯಾದರೋ ಮರುದಿನವೂ ತೇಲುತ್ತಲೇ ಇದ್ದಿತು. ಒಂದು ಭರಣಿಗೆ ಒಂದು ಹಿಡಿ ಉಪ್ಪು ಹಾಕಿಸಿದೆನು. ಅದರ ನೀರೇ ಮೊದಲು ತಿಳಿಯಾಯಿತು. ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುವ ಸ್ವಭಾವವುಳ್ಳವು. ಉಪ್ಪು ಆ ತಳ್ಳಾಟವನ್ನು ತಗ್ಗಿಸಲು, ಅವು ಕೂಡಿಕೊಂಡು ಭಾರವಾಗಿ ಇಳಿಯುತ್ತವೆ. ನದಿಯು ಕಡಲನ್ನು ಸೇರುವಲ್ಲಿಯೂ ಹೀಗೆಯೇ ಆಗುವುದು.

“ಹಾಗಾದರೆ ನಮ್ಮ ಮಣ್ಣು ಕಡಲಿನಲ್ಲಿ ಇಳಿಯುತ್ತದೆಯೇ, ಟೀಚರ್?” ಎಂದು ಒಬ್ಬಳು ಕೇಳಿದಳು.

ಬಹುಮಟ್ಟಿಗೆ ಇಲ್ಲವೆನ್ನಬೇಕಾಯಿತು. ಬ್ರಹ್ಮಗಿರಿಯಿಂದಿಳಿದ ಲಕ್ಷ್ಮಣತೀರ್ಥವು ಹುಣಸೂರಿನ ಮಾರ್ಗವಾಗಿ ಕನ್ನಂಬಾಡಿಯ ಜಲಾಶಯವನ್ನು ಸೇರುತ್ತದಷ್ಟೆ. ೧೯೩೦ರ ದಶಕದ ಆರಂಭದಲ್ಲಿ ಆ ಕಟ್ಟೆ ಪೂರ್ತಿಯಾದಂದಿನಿಂದ, ನಿಂತ ನೀರಿನಲ್ಲಿ ನದಿಯು ತನ್ನ ಹೊರೆಯನ್ನು ಇಳಿಸುತ್ತಲಿದೆ. ಅದನ್ನು ದಾಟಿದುದನ್ನು ತಡೆಯಲು ೧೯೩೪ರಲ್ಲಿ ಮುಗಿದ ಮೆಟ್ಟೂರಿನ ಅಣೆಕಟ್ಟು ಇದೆ. ಸಾವಿರಾರು ವರ್ಷಗಳ ಕಾಲ ಕಾವೇರಿಯು ಹೊತ್ತು ತಂದ ಮಣ್ಣಿನಿಂದಲೇ ತಂಜಾವೂರಿನ ಬಯಲು ಹುಟ್ಟಿತು; ಈಗ ಆ ಬಯಲಿಗೆ ಹೊಸ ಮಣ್ಣು ದೊರೆಯುವುದು ಅತ್ಯಲ್ಪ. ಬೇಕಾದಲ್ಲಿಗೆ ಹೋಗದೆ, ಬೇಡವಾದಲ್ಲಿ ಹೂಳಾಗಿ ಕೂಡುವುದು ನಮ್ಮ ಮಣ್ಣಿನ ಪಾಡು.

ಭೂಪಟದ ಮೇಲಂಚಿನಲ್ಲಿ ಬೇರೆ ಬಗೆಯ ನದಿಗಳಿವೆ. ಕೆನಡಾದ ಮೆಕೆಂಜಿ ನದಿಯು ವರ್ಷಕ್ಕೆ ೧೦ ಕೋಟಿ ಟನ್ನಿಗೂ ಮೇಲ್ಪಟ್ಟ ಹೂಳನ್ನು ಉತ್ತರ ಧ್ರುವಸಮುದ್ರಕ್ಕೆ ಒಯ್ಯುತ್ತದೆ. ಚಳಿಗಾಲವೆಲ್ಲ ಹಿಮದಡಿಯಲ್ಲಿ ಮಲಗಿದ್ದ ನದಿಯು ಮೇ, ಜೂನ್ ತಿಂಗಳುಗಳಲ್ಲಿ ಹಿಮವೊಡೆದು ಹೊರಡುವಾಗಿನ ಭರವನ್ನು ಊಹಿಸಿಕೊಳ್ಳಿರಿ. ಸೈಬೀರಿಯದ ಲೇನಾ ನದಿಯ ಮುಂದಣ ಕಡಲಿನಲ್ಲಿ ಹೂಳು ಹಿಮಗಡ್ಡೆಯೊಳಗೆ ಸಿಕ್ಕಿ, ಬಹುದೂರ ತೇಲಿಹೋಗಿ, ಹಿಮ ಕರಗಿದಲ್ಲಿ ತಳಕ್ಕೆ ಬೀಳುವುದೂ ಉಂಟು. (ಇದನ್ನು ಕೇಳಿದ ಬಾಲಕಿಯರು ಗಂಟೆ ಹೊಡೆದರೂ ಏಳಲಿಲ್ಲ.) ಅಲ್ಲಿ ಹಿಮವೊಡೆಯುವ ಕೆಲವು ವಾರಗಳು ಮಾಡುವ ಕೆಲಸವನ್ನು ಇಲ್ಲಿ ಮುಂಗಾರಿನ ಕೆಲವು ದಿನಗಳು ಮಾಡುತ್ತವೆ.

ನದಿಯು ಎಂದೆಂದಿಗೂ ಕೆಂಪಾಗಿಯೇ ಹರಿದಿದೆಯೆಂದು ಹಿರಿಯರು ಹೇಳುವರು. ನಿಜ, ಮಣ್ಣನ್ನು ಹೊರುವುದು ನದಿಯ ಧರ್ಮವೇ ಸರಿ. ಆದರೆ ಎಷ್ಟು ಹೊರಿಸುವೆವೆಂಬುದು ನಮಗೆ ಸೇರಿದ್ದು. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಜರಿದಾಗ, ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಅತಿವೃಷ್ಟಿಯೊಡನೆ ಇಳಿಜಾರುಗಳನ್ನು ಕಡಿದುದನ್ನೂ ಕಾರಣವಾಗಿ ತೋರಿಸಿದರು. ಮಳೆಯೊಂದನ್ನೇ ದೂರುವುದು ನ್ಯಾಯವಲ್ಲ.

ಈ ಮಾತನ್ನು ಆಡಲು ನನಗೆ ಪೂರ್ಣ ಅಧಿಕಾರವಿಲ್ಲ. ಆಟದ ಬಯಲನ್ನು ಹಿಗ್ಗಿಸಲು ಗುಡ್ಡದ ಪಾರ್ಶ್ವವನ್ನು ಯಂತ್ರದಿಂದ ಕಡಿಸಿದವಳು ನಾನೇ. ಮೊದಲ ಮಳೆಗೇ ಬರೆ ಜರಿದು, ಕೆಳಗಣ ನೆರೆಯವರ ಗದ್ದೆಯ ಎರಡು ಮಡಿಗಳನ್ನು ಮುಚ್ಚಿತು. ಅವರು ಒಂದು ಕಠಿಣವಾದ ಮಾತನ್ನೂ ಆಡಲಿಲ್ಲ. ಆ ಮೌನವನ್ನು ನಾನು ಮರೆತಿಲ್ಲ.

ಆ ಗದ್ದೆಯಿಲ್ಲದಿದ್ದರೆ ಮಣ್ಣೆಲ್ಲವೂ ತೋಡಿಗೆ ಹೋಗುತ್ತಿದ್ದಿತು. ಬದುಗಳ ನಡುವೆ ನೀರು ನಿಲ್ಲುವುದರಿಂದ ಹೂಳು ಅಲ್ಲಿಯೇ ಇಳಿದು ಬೆಳೆಗೆ ಆಹಾರವಾಗುತ್ತದೆ. ಲಾಭವಿಲ್ಲವೆಂದು ಗದ್ದೆಗಳನ್ನು ಬೀಳುಬಿಡುವ, ಇಲ್ಲವೆ ಮಣ್ಣು ತುಂಬಿಸಿ ಮನೆ ಕಟ್ಟುವ ಪರಿಪಾಟಿಯು ಹೆಚ್ಚುತ್ತಿರುವುದು ನನಗೆ ಒಪ್ಪಿಗೆಯಿಲ್ಲ. ಭತ್ತದ ಲೆಕ್ಕದಲ್ಲಿ ನಷ್ಟವಿರಬಹುದು. ಕೂಲಿಯಾಳುಗಳು ದೊರೆಯದ ಕಷ್ಟವನ್ನೂ ಬಲ್ಲೆನು. ಆದರೂ ಗದ್ದೆಯು ತಡೆದು ನಿಲ್ಲಿಸಿದ ಮಣ್ಣನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಮುಂದಿನ ಜುಲೈ ತಿಂಗಳಲ್ಲಿ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ತೋಡಿನ ನೀರನ್ನು ಒಂದೊಂದು ಸೀಸೆಯಲ್ಲಿ ತುಂಬಿ, ಊರನ್ನೂ ದಿನಾಂಕವನ್ನೂ ಬರೆದು ಶಾಲೆಗೆ ಕಳುಹಿಸಿದರೆ, ಬಾಲಕಿಯರು ಅವನ್ನು ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇರಿಸುವರು. ನಮ್ಮ ಬರೆಯ ಕೆಳಗಣ ನೀರನ್ನು ಮೊದಲನೆಯದಾಗಿ ನಾನೇ ಇರಿಸುವೆನು.