ಮನಸ್ಸಿನ ನೋವಿಗೆ ಕಲಿತವರು ಬೇಕು

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: ವೈದ್ಯಕೀಯವೋ, ಇಂಜಿನಿಯರಿಂಗೋ? ಎರಡೂ ದಕ್ಕದಿದ್ದರೆ ಮಗನನ್ನು ಅಂಗಡಿಗೆ, ಮಗಳನ್ನು ಮದುವೆಗೆ ಸಿದ್ಧಗೊಳಿಸುತ್ತೇವೆ. ಕಲಬುರಗಿಯ ಶಹಾಬಜಾರದಂತಹ ಮೊಹಲ್ಲಾಗಳಲ್ಲೂ ಕಮಲಾಪುರದಂತಹ ಪಟ್ಟಣಗಳಲ್ಲೂ ಇದೇ ಕತೆ. ಆದರೆ ಈ ಎರಡರ ಆಚೆ ಸಮುದಾಯಕ್ಕೆ ತುರ್ತಾಗಿ ಬೇಕಾದ ಒಂದು ವಿದ್ಯೆಯಿದೆ. ಅದು ಮನಶ್ಶಾಸ್ತ್ರ.

ದೇಶದ ವಯಸ್ಕರಲ್ಲಿ ಶೇ. 10.6 ಮಂದಿ ಮಾನಸಿಕ ತೊಂದರೆಯಿಂದ ಬಳಲುತ್ತಿದ್ದಾರೆಂದು 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಚಿಕಿತ್ಸೆಯಿಲ್ಲದೆಡೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿಯಲಾಗಿದ್ದ ಮನೋರೋಗಿಗಳಿಗೆ ಓಡಲೂ ಸಾಧ್ಯವಾಗಲಿಲ್ಲ. 28 ಮಂದಿ ಪ್ರಾಣ ಕಳೆದುಕೊಂಡರು. ಪ್ರಾರ್ಥನೆ ಮನಸ್ಸಿಗೆ ನೆಮ್ಮದಿ ನೀಡುತ್ತದೆ, ನಿಜ. ಹಾಗೆಂದು ಮುರಿದ ಕಾಲಿಗೆ ಚಿಕಿತ್ಸೆ ಬೇಡವೆನ್ನುತ್ತೇವೆಯೇ? ಮುರಿದ ಮನಸ್ಸಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಹಾಗಿದ್ದರೆ ಈ ವಿದ್ಯೆಯ ದಾರಿ ಯಾವುದು? ಮನೋವೈದ್ಯರಾಗಲು ಎಂ.ಬಿ.ಬಿ.ಎಸ್. ಮುಗಿಸಿ ಆ ವಿಭಾಗದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕು. ಮನಶ್ಶಾಸ್ತ್ರಜ್ಞರ ದಾರಿಯೇ ಬೇರೆ. ಪದವಿಯ ನಂತರ ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಬೇಕು. ಅದಕ್ಕೆ ಕಲಬುರಗಿಯವರು ದೂರ ಹೋಗಬೇಕಿಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯವಿದೆ, ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ಆದರೆ ಎಂ.ಎ. ಮುಗಿದ ಮಾತ್ರಕ್ಕೆ ಚಿಕಿತ್ಸೆ ನೀಡುವ ಅರ್ಹತೆ ಬರುವುದಿಲ್ಲ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಾಗಲು ಭಾರತೀಯ ಪುನರ್ವಸತಿ ಪರಿಷತ್ತು ಅನುಮೋದಿಸಿದ ತರಬೇತಿಯನ್ನು ಆಸ್ಪತ್ರೆಯಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ ಪಡೆದು ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ದಶಕಗಳಿಂದ ಆ ತರಬೇತಿ ಎರಡು ವರ್ಷಗಳ ಎಂ.ಫಿಲ್. ಆಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಅದಕ್ಕೆ ಹೆಸರಾದವು. 2020ರ ಶಿಕ್ಷಣ ನೀತಿ ಎಂ.ಫಿಲ್. ಅನ್ನೇ ಕೈಬಿಟ್ಟಿತು, ಆದರೆ ಈ ವಿಷಯಕ್ಕೆ 2025-26ರ ವರೆಗಿನ ಪ್ರವೇಶಕ್ಕೆ ವಿನಾಯಿತಿ ದೊರೆಯಿತು. ಆದ್ದರಿಂದ ಯಾವುದೇ ಕೋರ್ಸಿಗೆ ಹಣ ಕಟ್ಟುವ ಮುನ್ನ ಅದು ಪರಿಷತ್ತಿನ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಅತ್ಯಗತ್ಯ. ಮೂರು ತಿಂಗಳ ಪ್ರಮಾಣಪತ್ರ ತೋರಿಸಿ 'ಕೌನ್ಸಿಲರ್' ಎಂಬ ಫಲಕ ತೂಗುಹಾಕುವುದು ರೋಗಿಗೆ ಬಗೆಯುವ ದ್ರೋಹ.

ಇನ್ನೊಂದು ಬದಲಾವಣೆಯನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕು. ಮನೆಯಲ್ಲೇ ಕುಳಿತು ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರದ ಪದವಿ ಪಡೆಯುವುದು ನಮ್ಮ ಹೆಣ್ಮಕ್ಕಳಿಗೆ ಸುಲಭದ ದಾರಿಯಾಗಿತ್ತು. 2025ರ ಜುಲೈ-ಆಗಸ್ಟ್ ಅವಧಿಯಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಈ ವಿಷಯ ಬೋಧಿಸುವುದನ್ನು ಯುಜಿಸಿ ನಿಲ್ಲಿಸಿತು. ತರಬೇತಿಯ ಗುಣಮಟ್ಟದ ದೃಷ್ಟಿಯಿಂದ ಇದು ಸರಿಯೇ. ಮನಸ್ಸನ್ನು ಅರಿಯುವ ವಿದ್ಯೆಯನ್ನು ಮನುಷ್ಯರಿಂದ ದೂರವಿದ್ದು ಕಲಿಯಲಾಗದು. ಆದರೆ ಇದರ ಹೊರೆ ಬೀಳುವುದು ಯಾರ ಮೇಲೆ? ಊರು ಬಿಟ್ಟು ಓದಲು ಅನುಮತಿ ಸಿಗದ ಮಗಳ ಮೇಲೆ. ಇನ್ನು ಅವಳ ಮುಂದಿರುವುದು ಎರಡೇ: ತರಗತಿ ಅಥವಾ ಅಡುಗೆಮನೆ. ನಿರ್ಧಾರ ಅವಳದ್ದಲ್ಲ, ನಮ್ಮದು.

ಅಷ್ಟಕ್ಕೂ ಈ ಮಕ್ಕಳು ಕಲಿತು ಬರಬೇಕಾಗಿರುವುದು ಯಾರಿಗಾಗಿ? ಹೆರಿಗೆಯ ನಂತರ ಮಂಕಾಗಿ ಕುಳಿತ ಸೊಸೆ, ಪರೀಕ್ಷೆಗೆ ಹೆದರಿ ನಿದ್ದೆಗೆಟ್ಟ ಹುಡುಗ, ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಮರಳಿದ ಗಂಡಸು: ಇವರೆಲ್ಲ ನಮ್ಮ ಮನೆಗಳಲ್ಲೇ ಇದ್ದಾರೆ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ (14416) 2022ರಿಂದ ಉಚಿತವಾಗಿ ನೆರವಾಗುತ್ತಿದೆ. ಆದರೂ ಎದುರು ಕುಳಿತು, ದಖನಿಯಲ್ಲೋ ಕನ್ನಡದಲ್ಲೋ ತೋಡಿಕೊಂಡ ಸಂಕಟವನ್ನು ಅದೇ ಭಾಷೆಯಲ್ಲಿ ಆಲಿಸಬಲ್ಲವರು ಬೇಕು.

ಮದುವೆಗಾಗಿ ಲಕ್ಷಗಟ್ಟಲೆ ಕೂಡಿಡುವ ಕುಟುಂಬಗಳಿಗೆ, ಸಭಾಭವನ ಕಟ್ಟುವ ಜಮಾಅತ್‌ಗಳಿಗೆ ಒಬ್ಬ ವಿದ್ಯಾರ್ಥಿನಿಯ ಧಾರವಾಡದ ಹಾಸ್ಟೆಲ್ ಖರ್ಚು ಭಾರವಾಗದು. ಈ ವರ್ಷ ಪ್ರತಿ ಮೊಹಲ್ಲಾ ಒಬ್ಬಳನ್ನಾದರೂ ಕಳುಹಿಸಲಿ.