ಹರಕೆಯ ಚೀಟಿಯೂ ಪ್ರಸಾದದ ಎಡೆಯೂ



ಕರ್ತೃ ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ನಿಂತಾಗ ನೀವು ಏನನ್ನು ಬೇಡುತ್ತೀರಿ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಬೇಡಿದ್ದು ದೊರೆಯದಾಗ ಆಡುವ ಮಾತುಗಳು ಅಂಗಳದಲ್ಲಿ ಕುಳಿತವರ ಕಿವಿಗೂ ಬೀಳುತ್ತವೆ. ಆ ಮಾತುಗಳ ವಿಷಯವಾಗಿಯೇ ನಾನಿಲ್ಲಿ ನಿಷ್ಠುರನಾಗಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಜ್ವರದಿಂದ ಬಳಲುತ್ತಿದ್ದ ತನ್ನ ಮಗುವಿಗಾಗಿ ಗದ್ದುಗೆಗೆ ಬೆಳ್ಳಿಯ ತೊಟ್ಟಿಲನ್ನು ಹರಕೆ ಹೊತ್ತಳು. ವೈದ್ಯರಿಗೂ ತೋರಿಸಿದಳು. ಆದರೂ ಮಗು ಉಳಿಯಲಿಲ್ಲ. ಆಕೆಯ ಮನೆಗೆ ಹೋದ ನಮ್ಮವರೇ, ಹಣೆಯ ತುಂಬ ವಿಭೂತಿ ಧರಿಸಿದವರೇ, ಏನೆಂದು ಸಮಾಧಾನ ಹೇಳಿದರು ಗೊತ್ತೇ? “ಹಿಂದಿನ ವರ್ಷದ ಹರಕೆಯೊಂದು ಬಾಕಿಯಿತ್ತಲ್ಲವೇ ತಾಯಿ?” ಎಂದರು. ಮಗುವನ್ನು ಕಳೆದುಕೊಂಡ ದುಃಖ ಸಾಲದೆಂಬಂತೆ ಸಾಲಗಾರಳೆಂಬ ಅಪವಾದವನ್ನೂ ಆಕೆಯ ಮೇಲೆ ಹೊರಿಸಿ ಬಂದರು. ಬಾಕಿ ವಸೂಲಿಗಾಗಿ ಕೂಸನ್ನು ಒಯ್ಯುವ ಶಿವನನ್ನು ಯಾವ ಶರಣರು ನಮಗೆ ತೋರಿಸಿಕೊಟ್ಟರು? ಇಂತಹ ಮಾತು ಭಕ್ತಿಯಲ್ಲ, ಶಿವನಿಂದೆ.

ಈ ತಪ್ಪಿನ ಮೂಲವನ್ನು ಹುಡುಕುತ್ತ ಹೊರಟರೆ ಅದು ನಮ್ಮ ಅಂಗೈಯವರೆಗೂ ಬರುತ್ತದೆ. ಇಷ್ಟಲಿಂಗವೆಂದರೆ ಇಷ್ಟಾರ್ಥಗಳನ್ನು ಕೊಡುವ ಲಿಂಗವೆಂದು ಮಕ್ಕಳಿಗೆ ಹೇಳಿಕೊಡುವವರಿದ್ದಾರೆ. ಹಾಗೆ ಅರ್ಥ ಬಿಡಿಸಿದ ಗ್ರಂಥಗಳೂ ಉಂಟೆಂಬುದನ್ನು ಬಲ್ಲೆ. ಆದರೆ ‘ಇಷ್ಟ’ ಎಂಬ ಶಬ್ದಕ್ಕೆ ಪ್ರಿಯವಾದುದು ಎಂಬ ಅರ್ಥವಿದೆ. ಪೂಜಿಸಲ್ಪಟ್ಟುದು ಎಂಬ ಅರ್ಥವೂ ಇದೆ. ಅಂಗೈಯಲ್ಲಿರುವುದು ನಮಗೆ ಪ್ರಿಯವಾದ ಲಿಂಗವೋ, ನಮ್ಮ ಪ್ರಿಯಗಳನ್ನು ಪೂರೈಸುವ ಯಂತ್ರವೋ? ಎರಡನೆಯದೇ ಆದರೆ ಮೊದಲ ಬೇಡಿಕೆ ಹುಸಿಯಾದ ದಿನವೇ ನಂಬಿಕೆಯೂ ಮುಗಿಯಬೇಕಾಗುತ್ತದೆ. ಹಾಗೆ ಮುಗಿಸಿಕೊಂಡು ಸೋಮವಾರ ಇಲ್ಲಿ, ಮಂಗಳವಾರ ಇನ್ನೊಂದು ಗುಡಿಯಲ್ಲಿ, ಶುಕ್ರವಾರ ಜ್ಯೋತಿಷಿಯ ಕಟ್ಟೆಯಲ್ಲಿ ಕಾಣಿಸಿಕೊಳ್ಳುವ ಭಕ್ತರನ್ನು ನೀವೂ ಬಲ್ಲಿರಿ. ಕೊರಳಲ್ಲಿ ಲಿಂಗವಂತೂ ಇದ್ದೇ ಇರುತ್ತದೆ!

ಇದರಲ್ಲಿ ಮಠಗಳ ಪಾಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಹರಕೆಯ ಚೀಟಿಗೆ ದರ ಗೊತ್ತುಮಾಡಿ ಫಲಕ ತೂಗುಹಾಕುವವರು ಭಕ್ತರಲ್ಲ.

ಷಟ್‍ಸ್ಥಲಗಳಲ್ಲಿ ಭಕ್ತ, ಮಾಹೇಶ್ವರ ಸ್ಥಲಗಳನ್ನು ದಾಟಿದ ಮೇಲೆ ಬರುವುದು ಪ್ರಸಾದಿಸ್ಥಲ. ಮಠದಲ್ಲಿ ಓದಿದವರಿಗೆ ಪ್ರಸಾದದ ಅರ್ಥವನ್ನು ಪುಸ್ತಕದಿಂದ ವಿವರಿಸಬೇಕಾಗಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತ ಆ ದಿನಗಳನ್ನು ನೆನೆದುಕೊಳ್ಳಿರಿ. ಮನೆಯಲ್ಲಿ ಸಾರು ಸಪ್ಪೆಯಾಯಿತೆಂದು ತಾಯಿಯ ಮೇಲೆ ಸಿಡಿಮಿಡಿಗೊಂಡು ಬಂದ ಹುಡುಗನೇ ಇಲ್ಲಿ ಬಡಿಸಿದ್ದನ್ನು ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದ. ಹುಗ್ಗಿಯ ದಿನ ಹುಗ್ಗಿ, ನುಚ್ಚಿನ ದಿನ ನುಚ್ಚು. ಎಡೆಯಲ್ಲಿ ಒಂದು ಅಗುಳನ್ನೂ ಬಿಡುತ್ತಿರಲಿಲ್ಲ. ಅನ್ನ ಬೇರೆಯಾಗಿತ್ತೆಂದಲ್ಲ, ಅದು ಬಂದ ಕೈಯ ಮೇಲಣ ನಂಬಿಕೆ ಬೇರೆಯಾಗಿತ್ತು. ಇಪ್ಪತ್ತು ವರ್ಷ ಕಳೆದು ಅದೇ ಹುಡುಗ ಮಗನ ನೌಕರಿಗಾಗಿ ಬಂದು, ಅದು ಆಗದಿದ್ದಾಗ “ಈ ಗದ್ದುಗೆಯಲ್ಲಿ ಈಗ ಜಾಗೃತವಿಲ್ಲ” ಎಂದು ಹೇಳಿ ಹೋಗುತ್ತಾನೆ. ಪಂಕ್ತಿಯಲ್ಲಿ ಕಲಿತ ಪಾಠ ಕೈ ತೊಳೆದೊಡನೆ ಹೋಯಿತೇ?

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ತಿಳಿದುದೇ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಅದನ್ನು ತಂದಲ್ಲಿಗೇ ಸುರಿದು ಬರಹೇಳಿದಳು. ನಾವಾಗಿದ್ದರೆ ಬೇಡದೆಯೇ ವರ ಬಂದಿತೆಂದು ಊರಿಗೆಲ್ಲ ಸಾರುತ್ತಿದ್ದೆವು.

ಇಲ್ಲಿ ಎದುರಿನ ಪಕ್ಷದವರನ್ನೂ ಬಿಡುವಂತಿಲ್ಲ. “ಎಲ್ಲವೂ ಶಿವನಿಚ್ಛೆ” ಎಂದು ಕೈಕಟ್ಟಿ ಕುಳಿತು, ಔಷಧಿಯನ್ನು ತರದೆ, ಹೊಲವನ್ನು ಹರಗದೆ, ಬಂದುದನ್ನು ಅನುಭವಿಸುತ್ತೇವೆನ್ನುವವರು ಕಾಯಕವನ್ನು ಬಿಟ್ಟವರು. ಕಾಯಕವನ್ನು ಬಿಟ್ಟವನಿಗೆ ಪ್ರಸಾದವೆಲ್ಲಿಯದು? ಇನ್ನು ಕೆಲವರು ಪ್ರತಿಯೊಂದು ಕಷ್ಟದ ಹಿಂದೆಯೂ ಶಿವನ ಲಾಭದ ಲೆಕ್ಕವನ್ನು ಓದಿ ಹೇಳುವ ಚತುರರು. ಅವರು ಸಾಮಾನ್ಯವಾಗಿ ಎತ್ತಿಕೊಳ್ಳುವ ಉದಾಹರಣೆ ಗದುಗಿನದು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಮಗುವಿಗೆ ಕಣ್ಣಿರಲಿಲ್ಲ. ಆ ಮನೆಯವರು ಶಿವನಲ್ಲಿ ಏನನ್ನು ಬೇಡಿಕೊಂಡರೋ ಚರಿತ್ರೆಯಲ್ಲಿ ಬರೆದಿಲ್ಲ. ಆದರೆ ಯಾವ ತಾಯಿ ತಾನೇ ಕಣ್ಣನ್ನು ಬೇಡದಿದ್ದಾಳು? ಕಣ್ಣು ಬರಲಿಲ್ಲ, ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಬಂದರು. ಹುಡುಗನನ್ನು ಕರೆದೊಯ್ದು ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಆತನೇ ಪಂಚಾಕ್ಷರಿ ಗವಾಯಿಗಳಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ, ಬಸವರಾಜ ರಾಜಗುರು ಅವರಂಥವರನ್ನು ತಯಾರಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಆಶ್ರಮವನ್ನು ನಡೆಸಿದರು.

“ನೋಡಿರಿ, ಸಂಗೀತವನ್ನು ಕೊಡಲೆಂದೇ ಶಿವ ಕಣ್ಣನ್ನು ಕಸಿದುಕೊಂಡ” ಎಂದು ಚತುರರು ತೀರ್ಪು ಕೊಡುತ್ತಾರೆ. ನಾನು ಇದನ್ನು ಒಪ್ಪಲಾರೆ. ಇದೂ ಆ ಹರಕೆಯ ಲೇವಾದೇವಿಯೇ, ತಕ್ಕಡಿಯನ್ನು ಹಿಡಿದವನು ಮಾತ್ರ ಬದಲಾಗಿದ್ದಾನೆ. ಕಣ್ಣಿಲ್ಲದೆ ಹುಟ್ಟಿ, ಗುರು ದೊರೆಯದೆ, ಬೀದಿಯಲ್ಲಿಯೇ ಬಾಳು ಸವೆಸಿದ ಮಕ್ಕಳೆಷ್ಟು? ಅವರಿಗೆ ಈ ಲೆಕ್ಕಿಗರು ಏನು ಹೇಳುತ್ತಾರೆ? ಶಿವನ ಮನಸ್ಸನ್ನು ಓದಿದ್ದೇವೆಂಬ ಅಹಂಕಾರ ನಂಬಿಕೆಯಲ್ಲ. ಕಾಡಶೆಟ್ಟಿಹಳ್ಳಿಯ ಹುಡುಗನ ವಿಷಯದಲ್ಲಿ ನಮಗೆ ಕಾಣುವುದು ಇಷ್ಟೇ: ಬೇಡಿದ್ದು ಬರಲಿಲ್ಲ, ಬಂದುದನ್ನು ಕೈಯೊಡ್ಡಿ ಸ್ವೀಕರಿಸಿದರು, ಸ್ವೀಕರಿಸಿದ್ದನ್ನು ದುಡಿದು ಬೆಳೆಸಿ ತಮ್ಮಂತಹ ಅಂಧ ಮಕ್ಕಳಿಗೆ ಬಡಿಸಿದರು. ಏಕೆ ಹಾಗಾಯಿತೆಂದು ಅವರು ಲೆಕ್ಕ ಕೇಳುತ್ತ ಕುಳಿತಿದ್ದರೆ ಗದುಗಿನಲ್ಲಿ ಆಶ್ರಮವಿರುತ್ತಿರಲಿಲ್ಲ.

ಬೇಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮಗು ತಾಯಿಯಲ್ಲಿ ಬೇಡದೆ ಇನ್ನಾರಲ್ಲಿ ಬೇಡಬೇಕು? ಅಳುವುದೂ ತಪ್ಪಲ್ಲ. ಆ ತಾಯಿ ಇಂದಿಗೂ ಗದ್ದುಗೆಗೆ ಬರುತ್ತಾಳೆ. ಒಂದು ದಿನವೂ ಏಕೆಂದು ಕೇಳಿದವಳಲ್ಲ. ಮಗುವನ್ನು ಮರೆತವಳೂ ಅಲ್ಲ. ಅಮಾವಾಸ್ಯೆಯ ದಾಸೋಹದಲ್ಲಿ ಹುಡುಗರ ಪಂಕ್ತಿಗೆ ರೊಟ್ಟಿ ಬಡಿಸುವವಳು ಆಕೆಯೇ. ಈ ಸಲದ ಜಾತ್ರೆಗೆ ಬಂದಾಗ ಆಕೆಯನ್ನು ಕಂಡರೆ, ದಯವಿಟ್ಟು ಬಾಕಿಯ ಮಾತನ್ನೆತ್ತಬೇಡಿರಿ. ಶಿವನಿಚ್ಛೆಯ ವ್ಯಾಖ್ಯಾನವನ್ನೂ ಮಾಡಬೇಡಿರಿ. ರೊಟ್ಟಿಯ ಬುಟ್ಟಿ ಭಾರವಾಗಿರುತ್ತದೆ, ಅದರ ಇನ್ನೊಂದು ಕಿವಿಯನ್ನು ಹಿಡಿದುಕೊಳ್ಳಿರಿ.